ಚಿತ್ರಗಳ ನಡುವೆ ಮದ್ದಳೆ: ಕಲಾ ಮ್ಯೂಸಿಯಂ ಒಳಗೆ ಕೂಟ, ಕಛೇರಿ, ನಾಟಕ ಮಾಡುವುದು ಹೇಗೆ

ಕೇರಳದ ಗಡಿಜಿಲ್ಲೆ ಕಾಸರಗೋಡಿನ ಕುಂಬಳೆ ಕಡೆ ಒಂದು ಹಳೆ ಹಂಚಿನ ಮನೆ ಇದೆ. ಈಗ ಅದು ಪುಟ್ಟ ಚಿತ್ರಶಾಲೆ. ಒಂದು ಚಾವಡಿ, ಎರಡು ಕೋಣೆ, ಮರದ ಹಲಗೆಯ ಉಪ್ಪರಿಗೆ, ಎದುರಿಗೆ ಅಂಗಳ. ಗೋಡೆ ತುಂಬ ಚಿತ್ರ. ಕೆಲವು ವರ್ಷಗಳಿಂದ ನಾವು ನಾಲ್ಕಾರು ಜನ ಸೇರಿ ಅಲ್ಲಿ ತಾಳಮದ್ದಳೆ (ವೇಷ ಇಲ್ಲದೆ ಕೂತು ನಡೆಸುವ ಯಕ್ಷಗಾನ ಕೂಟ), ಸಂಗೀತ, ಸಣ್ಣ ನಾಟಕ ನಡೆಸುತ್ತಾ ಬಂದಿದ್ದೇವೆ. ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯ ಕಡೆಯ ಗೆಳೆಯರು "ನಮ್ಮಲ್ಲೂ ಹೀಗೆ ಮಾಡಬಹುದಾ? ಏನೆಲ್ಲ ಬೇಕು?" ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮೊದಲ ಕಾರ್ಯಕ್ರಮ ಚೆನ್ನಾಗಿ ಆಗಲಿಲ್ಲ. ದೇವಸ್ಥಾನದ ಅಂಗಳದಲ್ಲಿ ಮಾಡಿದ ಹಾಗೆಯೇ ಇಲ್ಲೂ ಮಾಡಿದ್ದೆವು. ಉಪ್ಪರಿಗೆಯಲ್ಲಿ ವೇಷ ಕಟ್ಟಿದ ಯಕ್ಷಗಾನ ಆಟ, ಎರಡು ಮೈಕು, ಎರಡು ದೊಡ್ಡ ಸ್ಪೀಕರ್, ಒಳಗೇ ಚೆಂಡೆ. ಮಾತು ಮಾತಿನ ಮೇಲೆ ಬಿದ್ದು ಒಂದು ಶಬ್ದವೂ ಬಿಡಿಸಿ ಕೇಳಲಿಲ್ಲ. ಪುಂಡುವೇಷದ (ಎಳೆ ವೀರನ ಪಾತ್ರದ) ಹುಡುಗ ಹಾರಿ ಸುತ್ತುವ ಧಿಗಿಣ ಹಾಕಿದಾಗ ಹಲಗೆ ಅದುರಿತು. ಗೋಡೆಯ ಮೇಲಿದ್ದ ಒಂದು ಜಲವರ್ಣ ಚಿತ್ರದ ಒಂದು ಬದಿಯ ಕೊಕ್ಕೆ ಕಳಚಿತು. ಇನ್ನೊಂದು ಕೊಕ್ಕೆಯಲ್ಲಿ ಅದು ಓರೆಯಾಗಿ ನೇತಾಡುತ್ತಿತ್ತು. ಬೀಳಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಟ ಆಡಲು ನಮಗೆ ಜಾಗಕ್ಕೆ ಬರ ಇಲ್ಲ. ದೇವಸ್ಥಾನದ ಅಂಗಳ ಉಂಟು, ಶಾಲೆಯ ಮೈದಾನ ಉಂಟು, ಕೊಯ್ಲು ಮುಗಿದ ಗದ್ದೆ ಉಂಟು. ಚಿತ್ರಶಾಲೆಯನ್ನೂ ಹಾಗೇ ಬಳಸುವುದಾದರೆ ಅದರ ಅಗತ್ಯವೇ ಇಲ್ಲ. ಅಲ್ಲಿ ಸಿಗುವುದು ಬೇರೆ. ನಿಶ್ಶಬ್ದ ಸಿಗುತ್ತದೆ. ಕಲಾವಿದರು ಆರಡಿ ದೂರದಲ್ಲಿ ಸಿಗುತ್ತಾರೆ. ಅವರ ಬೆನ್ನ ಹಿಂದೆ ಒಂದು ಚಿತ್ರ ಸಿಗುತ್ತದೆ. ಈ ಮೂರನ್ನೂ ಬಳಸಿಕೊಳ್ಳುವ ಕಾರ್ಯಕ್ರಮ ಮಾತ್ರ ಅಲ್ಲಿ ಮಾಡಬೇಕು. ನಾನು ಮುಂದೆ ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ.

ಇದು ಹೊಸ ಯೋಚನೆಯೇನೂ ಅಲ್ಲ. ಬೋಸ್ಟನ್‌ನ ಇಸಬೆಲ್ಲಾ ಸ್ಟುವರ್ಟ್ ಗಾರ್ಡ್ನರ್ ಮ್ಯೂಸಿಯಂ 1903ರಲ್ಲಿ ಬಾಗಿಲು ತೆರೆದದ್ದೇ ಸಂಗೀತ ಕಛೇರಿಯಿಂದ. ಎರಡನೇ ಮಹಾಯುದ್ಧ ಶುರುವಾದಾಗ ಲಂಡನ್‌ನ ನ್ಯಾಷನಲ್ ಗ್ಯಾಲರಿಯವರು ಬಾಂಬಿನ ಹೆದರಿಕೆಗೆ ಚಿತ್ರಗಳನ್ನೆಲ್ಲ ಊರಾಚೆ ಸಾಗಿಸಿದರು. ಗೋಡೆಗಳು ಖಾಲಿ. ಆಗ ಪಿಯಾನೋ ಕಲಾವಿದೆ ಮೈರಾ ಹೆಸ್ 1939ರ ಅಕ್ಟೋಬರ್‌ನಲ್ಲಿ ಅಲ್ಲಿ ಮಧ್ಯಾಹ್ನದ ಕಛೇರಿ ಶುರು ಮಾಡಿದರು. 1946ರವರೆಗೆ ಸುಮಾರು 1,700 ಕಛೇರಿ ನಡೆದವು. ನಮ್ಮಲ್ಲಿ ಭೋಪಾಲದ ಭಾರತ ಭವನ 1982ರಿಂದ ಚಿತ್ರ, ನಾಟಕ, ಸಂಗೀತ ಮೂರಕ್ಕೂ ಒಂದೇ ಸೂರು ಕೊಟ್ಟಿದೆ. ಅವೆಲ್ಲ ದೊಡ್ಡ ಸಂಸ್ಥೆಗಳು, ನಿಜ. ಆದರೆ ಅರವತ್ತು ಜನ ಕೂರುವ ಚಾವಡಿಯಲ್ಲೂ ಇದು ಚಂದವಾಗಿ ನಡೆಯುತ್ತದೆ. ನನ್ನ ಅನುಭವದಲ್ಲಿ ಚಾವಡಿಯಲ್ಲೇ ಇನ್ನೂ ಚಂದ.

1. ಮೊದಲು ಖಾಲಿ ಕೋಣೆಗೆ ಹೋಗಿ

ಕಲಾವಿದರಿಗೆ ಫೋನ್ ಮಾಡುವ ಮೊದಲು ಕೋಣೆಗೆ ಹೋಗಿ. ಒಬ್ಬರೇ ಹೋಗಿ. ನಡುವೆ ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ತಟ್ಟನೆ ನಿಂತರೆ ಒಳ್ಳೆಯದು. ಗುಂಯ್ ಎಂದು ಒಂದು ಸೆಕೆಂಡಿಗಿಂತ ಜಾಸ್ತಿ ಉಳಿದರೆ ಅಲ್ಲಿ ವೇಗದ ಅರ್ಥಗಾರಿಕೆ (ಪದ್ಯದ ಮೇಲೆ ಪಾತ್ರವಾಗಿ ಆಡುವ ಮಾತು), ವೇಗದ ಸಂಭಾಷಣೆ ಕಷ್ಟ. ಮಾತಿಗೆ ಒಂದು ಸೆಕೆಂಡಿನೊಳಗೆ ಆರುವ ಕೋಣೆ ಬೇಕು. ಹಾಡಿಗೆ, ಕೊಳಲಿಗೆ, ವೀಣೆಗೆ ಒಂದೂವರೆ ಸೆಕೆಂಡು ಉಳಿದರೂ ಹಿತವಾಗಿಯೇ ಇರುತ್ತದೆ. ಚಪ್ಪಾಳೆಗೆ ಟರ್‌ರ್ ಎಂಬ ಪಡಿಸದ್ದು ಬಂದರೆ ಎದುರುಬದುರು ಗೋಡೆಗಳು ಸದ್ದನ್ನು ಚೆಂಡಿನ ಹಾಗೆ ಎಸೆದಾಡುತ್ತಿವೆ ಎಂದರ್ಥ.

ಬಹುತೇಕ ಚಿತ್ರಶಾಲೆಗಳಲ್ಲಿ ಈ ತೊಂದರೆ ಇರುತ್ತದೆ. ಬೋಳು ಗೋಡೆ, ಟೈಲ್ಸ್ ನೆಲ, ಗಾಜು ಹಾಕಿದ ಚೌಕಟ್ಟು. ಸದ್ದನ್ನು ಹೀರುವಂಥದ್ದು ಒಂದೂ ಇಲ್ಲ. ಪರಿಹಾರ ನಮ್ಮ ಮನೆಗಳಲ್ಲೇ ಉಂಟು. ನೆಲಕ್ಕೆ ದಪ್ಪ ಜಮಖಾನ ಹಾಸಿ. ಕಿಟಕಿಗಳಿಗೆ ಹತ್ತಿಯ ದಪ್ಪ ಪರದೆ ಇಳಿಬಿಡಿ. ಜನ ಬಂದು ಕೂತರೆ ಅವರ ಮೈ, ಬಟ್ಟೆಯೇ ಅರ್ಧ ಗುಂಗನ್ನು ಹೀರಿಕೊಳ್ಳುತ್ತವೆ. ಹಾಗಾಗಿ ಖಾಲಿ ಕೋಣೆಯಲ್ಲಿ ಸ್ವಲ್ಪ ಗುಂಗು ಕೇಳಿದರೆ ಹೆದರಬೇಡಿ. ಒಂದು ಮಾತು ನೆನಪಿರಲಿ. ಚಿತ್ರ ತೂಗುವ ಕೊಕ್ಕೆ, ಸರಿಗೆಗೆ ಬಟ್ಟೆಯನ್ನಾಗಲಿ ತೋರಣವನ್ನಾಗಲಿ ಎಂದೂ ಕಟ್ಟಬೇಡಿ.

ಆಮೇಲೆ ಲೋಟದ ಪರೀಕ್ಷೆ. ಒಂದು ಸ್ಟೀಲ್ ಲೋಟದಲ್ಲಿ ಕಂಠಮಟ್ಟ ನೀರು ತುಂಬಿ. ಚಿತ್ರದ ಕೆಳಗೆ, ಗೋಡೆಗೆ ತಾಗಿ ನೆಲದಲ್ಲಿಡಿ. ವಿಗ್ರಹ ಇದ್ದರೆ ಅದರ ಪೀಠದ ಬುಡದಲ್ಲಿ ಇಡಿ, ಪೀಠದ ಮೇಲೆ ಬೇಡ. ಈಗ ಒಬ್ಬರು ಮದ್ದಳೆ ನುಡಿಸಲಿ. ಇನ್ನೊಬ್ಬರು ಗೆಜ್ಜೆ ಕಟ್ಟಿ ನಾಲ್ಕು ಹೆಜ್ಜೆ ಹಾಕಲಿ. ನೀವು ಲೋಟದ ಪಕ್ಕ ಕುಕ್ಕುರುಗಾಲಲ್ಲಿ ಕೂತು ನೀರನ್ನೇ ನೋಡಿ. ನಮ್ಮ ಚಾವಡಿಯ ಸಿಮೆಂಟ್ ನೆಲದಲ್ಲಿ ಮದ್ದಳೆಗೆ ನೀರು ಅಲುಗಲೇ ಇಲ್ಲ. ಉಪ್ಪರಿಗೆಯಲ್ಲಿ ಒಬ್ಬ ಹುಡುಗ ಬರೀ ನಡೆದು ಹೋದಾಗಲೇ ಉಂಗುರ ಉಂಗುರವಾಗಿ ಅಲೆ ಎದ್ದಿತು. ಅಂದಿನಿಂದ ಉಪ್ಪರಿಗೆಯಲ್ಲಿ ಕುಣಿತ ಇಲ್ಲ, ಕೂತು ಹಾಡುವುದು ಮಾತ್ರ. ನೀರು ಅಲುಗಿದರೆ ಕೊಕ್ಕೆಯೂ ಅಲುಗುತ್ತದೆ. ಒಣಗಿ ಬಿರುಕು ಬಿಟ್ಟ ಹಳೆ ತೈಲಚಿತ್ರ ಇದ್ದರೆ ಬಣ್ಣದ ಚಕ್ಕೆ ಎದ್ದು ಬರಲೂಬಹುದು.

2. ಚಿತ್ರ ನೋಡಿ ಪ್ರಸಂಗ ಆರಿಸಿ

ಇದು ನನಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಹೆಚ್ಚಿನವರು ಮೊದಲು ಕಲಾವಿದರನ್ನು ಗೊತ್ತು ಮಾಡಿ, ಆಮೇಲೆ "ಎಲ್ಲಿ ಕೂರಿಸೋಣ" ಅಂತ ನೋಡುತ್ತಾರೆ. ತಿರುಗಿಸಿ ಮಾಡಿ. ಗೋಡೆ ನೋಡುತ್ತಾ ಒಂದು ಸುತ್ತು ಬನ್ನಿ. ಯಾವ ಚಿತ್ರದ ಎದುರು ಕಾಲು ತಾನಾಗಿ ನಿಲ್ಲುತ್ತದೋ ಅಲ್ಲಿಂದ ಶುರು ಮಾಡಿ.

ನಮ್ಮ ಚಾವಡಿಯಲ್ಲಿ ಒಂದು ಕಡಲಿನ ಚಿತ್ರ ಇದೆ. ದೋಣಿ ಇಲ್ಲ, ತೆಂಗಿನ ಮರ ಇಲ್ಲ, ಮನುಷ್ಯರಿಲ್ಲ. ಬೂದು ಬಣ್ಣದ ನೀರು, ಅದರ ಮೇಲೊಂದು ಗೆರೆ, ಆಮೇಲೆ ಆಕಾಶ. ಬಂದವರೆಲ್ಲ ಅರೆಗಳಿಗೆ ನೋಡಿ ಮುಂದೆ ಹೋಗುತ್ತಿದ್ದರು. ನಾವು ಅದರ ಕೆಳಗೆ ಹಿಮ್ಮೇಳ ಕೂರಿಸಿ ಸೇತುಬಂಧನ ಪ್ರಸಂಗದ ಒಂದು ಭಾಗ ಇಟ್ಟುಕೊಂಡೆವು. ಲಂಕೆಗೆ ದಾರಿ ಬಿಡು ಎಂದು ರಾಮ ಮೂರು ದಿನ ದರ್ಭೆಯ ಮೇಲೆ ಮಲಗಿ ಸಮುದ್ರರಾಜನಿಗೆ ಕಾಯುವ ಭಾಗ. ಹಾಡುವ ಭಾಗವತರು ಪದ್ಯವನ್ನು ನಿಧಾನವಾಗಿ ಎತ್ತಿಕೊಂಡರು. ಪದ್ಯ ಮುಗಿದ ಮೇಲೆ ರಾಮನ ಅರ್ಥ ಹೇಳುವವರು ಕೂಡಲೇ ಮಾತು ತೆಗೆಯಲಿಲ್ಲ. ಕತ್ತು ತಿರುಗಿಸಿ, ನಮ್ಮನ್ನು ನೋಡದೆ, ಆ ಚಿತ್ರವನ್ನು ನೋಡಿದರು. ಒಂದು, ಎರಡು, ಮೂರು ಉಸಿರಿನಷ್ಟು ಹೊತ್ತು. ಸಭೆ ಇಡೀ ಅವರ ಕಣ್ಣಿನ ಹಿಂದೆಯೇ ಆ ಗೆರೆಯ ಮೇಲೆ ಹೋಗಿ ನಿಂತಿತು. ಕಾಯುವುದು ಅಂದರೆ ಏನು ಅಂತ ಆಮೇಲೆ ಅವರು ಹೇಳಿದ ಒಂದೊಂದು ಮಾತಿಗೂ ಆ ಬೂದು ನೀರು ಸಾಕ್ಷಿ ನಿಂತ ಹಾಗಿತ್ತು. ಕೂಟ ಮುಗಿದ ಮೇಲೆ ಜನ ಚಹಾಕ್ಕೆ ಹೋಗಲಿಲ್ಲ. ಚಿತ್ರದ ಎದುರು ಸಾಲುಗಟ್ಟಿದರು.

ಸೇತುಬಂಧನ ಕುಂಬಳೆಯ ಪಾರ್ತಿಸುಬ್ಬನದು. ನಮ್ಮ ಊರಿನ ಕವಿಯ ಪದ್ಯ, ನಮ್ಮ ಕಡಲಿನ ಚಿತ್ರ. ಇಂಥ ಜೋಡಿ ನಿಮ್ಮ ಗೋಡೆಯಲ್ಲೂ ಇರುತ್ತದೆ, ಹುಡುಕಿ.

ಯಾವ ಕಲೆ ಚಿತ್ರಶಾಲೆಗೆ ಒಗ್ಗುತ್ತದೆ ಅಂತ ಕೇಳಿದರೆ, ನಾನು ಕಣ್ಣು ಮುಚ್ಚಿ ತಾಳಮದ್ದಳೆ ಅನ್ನುತ್ತೇನೆ. ವೇಷ ಇಲ್ಲ, ಬಣ್ಣ ಇಲ್ಲ, ಕುಣಿತ ಇಲ್ಲ. ಕೂತಲ್ಲೇ ಪದ್ಯ, ಕೂತಲ್ಲೇ ಅರ್ಥ. ಕಾಣುವುದನ್ನು ಮಾತಿನಲ್ಲೇ ಕಟ್ಟಬೇಕಾದ ಕಲೆ ಅದು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ದೊಡ್ಡ ಅರ್ಥಧಾರಿಗಳನ್ನು ಕೊಟ್ಟ ನೆಲ ನಮ್ಮದು, ಕೇಳುವ ಕಿವಿಗೂ ಕೊರತೆ ಇಲ್ಲ. ಕರ್ನಾಟಕ ಸಂಗೀತದಲ್ಲಿ ಹಾಡುಗಾರಿಕೆ, ವೀಣೆ, ಕೊಳಲು ಚೆನ್ನ. ನಾಗಸ್ವರ, ಡೋಲು ಅಂಗಳಕ್ಕೇ ಸರಿ. ಸೂತ್ರದ ಬೊಂಬೆಯಾಟವೂ ಬಹಳ ಚಂದ ಹೊಂದುತ್ತದೆ. ಒಂದೂವರೆ ಅಡಿಯ ಬೊಂಬೆಗೆ ದೊಡ್ಡ ರಂಗ ಬೇಡ, ನೆಲ ಅದುರುವುದಿಲ್ಲ, ಮಕ್ಕಳು ಮುಂದೆ ಬಂದು ಕೂರುತ್ತಾರೆ. ಕಾಸರಗೋಡಿನ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ ಈ ಕಲೆಯನ್ನು ತೆಂಕುತಿಟ್ಟಿನ (ಯಕ್ಷಗಾನದ ತೆಂಕಣ ಶೈಲಿಯ) ವೇಷಭೂಷಣದಲ್ಲೇ ಉಳಿಸಿಕೊಂಡು ಬಂದಿದೆ.

ನಾಟಕ ಮಾಡುವುದಾದರೆ ರಂಗ ಕಟ್ಟಬೇಡಿ. ಕೋಣೆಯಿಂದ ಕೋಣೆಗೆ ನಡೆಯುವ ನಾಟಕ ಮಾಡಿ. ಹದಿನೈದು ಜನರ ಗುಂಪು, ಮೂರು ಚಿತ್ರ, ಮೂರು ದೃಶ್ಯ. ನಟಿ ಮೊದಲು ಚಿತ್ರ ನೋಡಲು ಬಂದವರ ನಡುವೆಯೇ ನಿಂತಿರಲಿ. ಅಲ್ಲಿಂದಲೇ ಮಾತು ಶುರುವಾಗಲಿ. ಪಕ್ಕದಲ್ಲಿ ನಿಂತಿದ್ದವರು ಮಾತಾಡಿದಾಗ ಆಗುವ ಪುಳಕ ಯಾವ ರಂಗಮಂದಿರದಲ್ಲೂ ಸಿಗುವುದಿಲ್ಲ.

ಪೂರ್ಣ ವೇಷದ ಯಕ್ಷಗಾನ ಅಂಗಳದಲ್ಲಿ ಆಗಲಿ. ದೊಂದಿ, ರಾಳದ ಪುಡಿಯ ಬೆಂಕಿ, ಧಿಗಿಣ, ಚೆಂಡೆ ಎಲ್ಲಕ್ಕೂ ಆಕಾಶವೇ ಬೇಕು. ದೈವಗಳ ಕೋಲವಾದ ತೆಯ್ಯಂ, ಭೂತಕೋಲದ ವಿಷಯದಲ್ಲಿ ನನ್ನ ನಿಲುವು ಗಟ್ಟಿ. ಅದು ಆರಾಧನೆ. ಅದಕ್ಕೆ ಅದರದ್ದೇ ಸ್ಥಾನ, ದಿನ, ಕಟ್ಟು, ಮನೆತನ ಇವೆ. ಅದನ್ನು ಒಂದು ಸಂಜೆಯ ಕಾರ್ಯಕ್ರಮ ಮಾಡಿ ಚಿತ್ರಗಳ ನಡುವೆ ತಂದು ನಿಲ್ಲಿಸಬಾರದು.

3. ಹಕ್ಕು, ಒಪ್ಪಿಗೆ, ಅನುಮತಿ

ಬರೆದವರು ತೀರಿಕೊಂಡು 60 ವರ್ಷ ಆಗುವವರೆಗೆ ಕೃತಿಯ ಹಕ್ಕು ಅವರ ಮನೆಯವರದು. ಈ ಲೆಕ್ಕ ತೀರಿಕೊಂಡ ವರ್ಷದ ಮುಂದಿನ ಜನವರಿ 1ರಿಂದ ಶುರುವಾಗುತ್ತದೆ. ಮಂಜೇಶ್ವರ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಹಾಗಾಗಿ ಅವರು ಬದುಕಿದ್ದಾಗ ಅಚ್ಚಾದ ಕೃತಿಗಳು 2024ರಿಂದ ಎಲ್ಲರಿಗೂ ಮುಕ್ತ. ಏಕಲವ್ಯನ ಕಥೆಯ ಅವರ 'ಹೆಬ್ಬೆರಳು' ನಾಟಕವನ್ನು ಚಿತ್ರಶಾಲೆಯಲ್ಲಿ ಮಾಡಬೇಕು ಅಂತ ನನಗೆ ಬಹಳ ದಿನದ ಆಸೆ. ಮಣ್ಣಿನ ಮೂರ್ತಿಯ ಎದುರು ವಿದ್ಯೆ ಕಲಿತ ಹುಡುಗನ ಕಥೆಗೆ ಶಿಲ್ಪಗಳ ಕೋಣೆಗಿಂತ ಒಳ್ಳೆಯ ಜಾಗ ಎಲ್ಲಿ ಸಿಗುತ್ತದೆ? ಕಯ್ಯಾರ ಕಿಞ್ಞಣ್ಣ ರೈಗಳು ತೀರಿಕೊಂಡದ್ದು 2015ರಲ್ಲಿ. ಅವರ ಕವಿತೆ ಬಳಸುವುದಾದರೆ ಮನೆಯವರನ್ನು ಕೇಳಿ. ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ಆಡಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಉಂಟು. ಆದರೂ ಕೇಳಿ ಮಾಡಿದರೆ ಮನಸ್ಸಿಗೆ ಹಿತ.

ಚಿತ್ರಗಾರರ ಒಪ್ಪಿಗೆ ಕೇಳುವುದನ್ನು ಬಹಳ ಜನ ಮರೆಯುತ್ತಾರೆ. ಎರವಲು ತಂದ ಚಿತ್ರವಾದರೆ ಕೊಟ್ಟವರಿಗೆ ಮೊದಲೇ ಹೇಳಿ. ಪೋಸ್ಟರ್‌ನಲ್ಲಿ ಚಿತ್ರ ಹಾಕುವುದಕ್ಕೆ, ವಿಡಿಯೋದಲ್ಲಿ ಚಿತ್ರ ಕಾಣುವುದಕ್ಕೆ ಬೇರೆಬೇರೆಯಾಗಿ ಕೇಳಿ, ಉತ್ತರ ಬರಹದಲ್ಲಿರಲಿ.

ಮೈಕು ಇಡುವುದಾದರೆ ಪೊಲೀಸರ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಇದ್ದರೆ ಅಲ್ಲಿ ನಿಯಮ ಇನ್ನೂ ಬಿಗಿ. ಮೈಕೇ ಬೇಡ ಅಂದರೆ ಈ ಓಡಾಟವೂ ಇಲ್ಲ.

4. ದಿನ ಗೊತ್ತು ಮಾಡುವುದು

ಮೇ ಕೊನೆಗೆ ಬರುವ ಪತ್ತನಾಜೆಯ ದಿನ ಕಳೆದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಅಂದರೆ ತಿರುಗಾಟ ನಿಲ್ಲಿಸುತ್ತವೆ. ಮೇ ಕೊನೆಯಿಂದ ದೀಪಾವಳಿವರೆಗೆ ಕಲಾವಿದರು ಸಿಗುತ್ತಾರೆ, ತಾಳಮದ್ದಳೆಗೆ ಅದೇ ಕಾಲ. ಆದರೆ ಅದೇ ನಮ್ಮ ಮಳೆಗಾಲ. ಹಂಚಿನ ಮಾಡಿನ ಮೇಲೆ ಜಡಿಮಳೆ ಬಿದ್ದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಗಾಳಿಯಲ್ಲಿ ತೇವವೂ ಜಾಸ್ತಿ. ನಾವು ಜೂನ್, ಜುಲೈ ಬಿಟ್ಟು ಸೆಪ್ಟೆಂಬರ್, ಅಕ್ಟೋಬರ್ ಇಟ್ಟುಕೊಳ್ಳುತ್ತೇವೆ.

ಹೊತ್ತು ಸಂಜೆ ನಾಲ್ಕೂವರೆಯಿಂದ ಆರೂವರೆ. ಬದಿಯಡ್ಕ, ಪೆರ್ಲ ಕಡೆಗೆ ಹೋಗುವವರಿಗೆ ಬಸ್ಸು ಸಿಗಬೇಕು. ಮಧ್ಯೆ ಎದ್ದು ಹೋಗುವವರು ಒಬ್ಬರಿದ್ದರೂ ಸಣ್ಣ ಕೋಣೆಯಲ್ಲಿ ಎಲ್ಲರಿಗೂ ತೊಂದರೆ. ಕೂಟ ಒಂದೂವರೆ ಗಂಟೆ ಮೀರಬಾರದು, ಉಳಿದ ಹೊತ್ತು ಚಿತ್ರ ನೋಡಲು. ಇಡೀ ರಾತ್ರಿಯ ಆಟಕ್ಕೆ ಒಗ್ಗಿದ ಅರ್ಥಧಾರಿಗಳಿಗೆ ಇದನ್ನು ಮೊದಲೇ, ಮರ್ಯಾದೆಯಿಂದ ಹೇಳಬೇಕು.

5. ಚಿತ್ರಗಳ ಕಾವಲು

ಬೆಳಕಿನಿಂದ ಶುರು ಮಾಡೋಣ. ಜಲವರ್ಣ, ಕಾಗದ, ಬಟ್ಟೆಯ ಮೇಲಿನ ಕೆಲಸಕ್ಕೆ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬೇಡ ಅಂತ ಮ್ಯೂಸಿಯಂಗಳ ವಾಡಿಕೆ. ತೈಲಚಿತ್ರಕ್ಕೆ 200 ಲಕ್ಸ್ ಆಗಬಹುದು. ರಂಗದ ದೀಪ ಸುಲಭವಾಗಿ 1,000 ಲಕ್ಸ್ ದಾಟುತ್ತದೆ. ಬೆಳಕಿನ ಪೆಟ್ಟು ಕೂಡುತ್ತಾ ಹೋಗುವಂಥದ್ದು. 1,000 ಲಕ್ಸ್‌ನಲ್ಲಿ 1 ಗಂಟೆ ಅಂದರೆ 50 ಲಕ್ಸ್‌ನಲ್ಲಿ 20 ಗಂಟೆ. ದಿನಕ್ಕೆ ಎಂಟು ಗಂಟೆ ತೆರೆದಿಡುವ ಚಿತ್ರಶಾಲೆಯಲ್ಲಿ ಒಂದು ಚಿತ್ರ ಎರಡೂವರೆ ದಿನದಲ್ಲಿ ಕುಡಿಯುವ ಬೆಳಕನ್ನು ಒಂದೇ ಗಂಟೆಯಲ್ಲಿ ಕುಡಿಸಿದ ಹಾಗೆ. ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ಹಾಲೊಜೆನ್ ಬೇಡವೇ ಬೇಡ, ಅದರ ಬಿಸಿಯೂ ಕೆಟ್ಟದ್ದು. ಎರಡು ಸಣ್ಣ ಎಲ್‌ಇಡಿ ದೀಪ, ಕಲಾವಿದರ ಮುಖಕ್ಕೆ ಮಾತ್ರ, ಬದಿಯಿಂದ, ಬೆಳಕು ಗೋಡೆಗೆ ಚೆಲ್ಲದ ಹಾಗೆ ಇಡಿ. ಬೆಳಕು ಅಳೆಯುವ ಆ್ಯಪ್ ಮೊಬೈಲಿನಲ್ಲಿ ಸಿಗುತ್ತದೆ. ಅದರ ಅಳತೆ ಕರಾರುವಾಕ್ಕಲ್ಲ, ಆದರೂ ಅಂದಾಜು ಸಿಗುತ್ತದೆ. ಚಿತ್ರದ ಹತ್ತಿರ ಹಿಡಿದು ನೋಡಿ. ಫ್ಲ್ಯಾಷ್ ಹಾಕಿ ಫೋಟೋ ತೆಗೆಯಬಾರದು ಅಂತ ಶುರುವಿನಲ್ಲೇ ಹೇಳಿ. ಅದು ಚಿತ್ರಕ್ಕಿಂತ ಹೆಚ್ಚಾಗಿ ಕಲಾವಿದರ ಏಕಾಗ್ರತೆಗೆ.

ಇನ್ನು ತೇವ. ಇದನ್ನು ಯಾರೂ ಯೋಚಿಸುವುದಿಲ್ಲ. ಸುಮ್ನೆ ಕೂತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವಾಟ್ ಬಿಸಿ ಹೊರಬರುತ್ತದೆ. ಉಸಿರು, ಬೆವರಿನಲ್ಲಿ ಗಂಟೆಗೆ ಸುಮಾರು 50 ಗ್ರಾಂ ನೀರು ಗಾಳಿಗೆ ಸೇರುತ್ತದೆ. ಅರವತ್ತು ಜನ ಅಂದರೆ 6 ಕಿಲೋವಾಟ್ ಬಿಸಿ, 3 ಲೀಟರ್ ನೀರು. ಮೂರು ಬಾಟಲಿ ನೀರನ್ನು ಚಿತ್ರಗಳ ನಡುವೆ ಕುದಿಸಿ ಆವಿ ಮಾಡಿದ ಹಾಗಾಯಿತು, ಅಲ್ವಾ? ಏಸಿ ಇದ್ದರೆ ಒಂದು ಟನ್ನಿನ ಏಸಿ ತೆಗೆಯುವುದು 3.5 ಕಿಲೋವಾಟ್ ಬಿಸಿ. ಜನರ ಬಿಸಿಗೇ ಹತ್ತಿರ ಹತ್ತಿರ ಎರಡು ಟನ್ ಬೇಕು. ಏಸಿ ಇಲ್ಲದ ನಮ್ಮಂಥ ಮನೆಗಳಲ್ಲಿ ಎದುರುಬದುರು ಕಿಟಕಿ ತೆರೆದಿಡಿ, ಜನರನ್ನು ಕಡಿಮೆ ಮಾಡಿ. ತೇವ ತೋರಿಸುವ ಸಣ್ಣ ಮೀಟರ್ ಒಂದನ್ನು ಗೋಡೆಗೆ ಹಾಕಿ. ತೇವ ಜಾಸ್ತಿ ಇರುವುದಕ್ಕಿಂತ ತಟ್ಟನೆ ಏರಿ ತಟ್ಟನೆ ಇಳಿಯುವುದು ಮರದ ಹಲಗೆ, ಕ್ಯಾನ್ವಾಸಿಗೆ ಹೆಚ್ಚು ಕೆಟ್ಟದ್ದು. ಹಾಗಾಗಿ ಜನ ಹೋದ ಕೂಡಲೇ ಫ್ಯಾನ್ ಪೂರ್ತಿ ಹಾಕಿ ಒಣಗಿಸುವ ಗಡಿಬಿಡಿ ಮಾಡಬೇಡಿ. ಮೆಲ್ಲಗೆ ಆರಲಿ.

ಬೆಂಕಿ ಒಳಗೆ ಇಲ್ಲ. ದೀಪ ಬೆಳಗಿಸದೆ ಕೂಟ ಶುರು ಮಾಡುವುದು ಹೇಗೆ ಅಂತ ಹಿರಿಯರೊಬ್ಬರು ಬೇಸರ ಮಾಡಿಕೊಂಡರು. ಅವರ ಬೇಸರ ನ್ಯಾಯವಾದದ್ದೇ. ನಾವು ಅಂಗಳದಲ್ಲಿ, ತುಳಸಿಕಟ್ಟೆಯ ಹತ್ತಿರ ಕಾಲುದೀಪ ಇಟ್ಟೆವು. ಎಲ್ಲರೂ ಅಲ್ಲಿ ನಿಂತು ದೀಪ ಹಚ್ಚಿ, ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದೆವು. ಈಗ ಅದೇ ನಮ್ಮ ಕ್ರಮ. ಅಗರಬತ್ತಿ, ಕರ್ಪೂರ, ಸಾಂಬ್ರಾಣಿ ಕೂಡ ಹೊರಗೇ. ಹೊಗೆಯ ಮಸಿ ಚಿತ್ರದ ಮೇಲೆ ಕೂತರೆ ತೆಗೆಯುವುದು ದೊಡ್ಡ ಕೆಲಸ.

ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿ ಬೇರೆ ಕಟ್ಟಡದಲ್ಲಿ ಅಥವಾ ಹಿಂದಿನ ಜಗಲಿಯಲ್ಲಿರಲಿ. ಮುಖಕ್ಕೆ ಹಚ್ಚುವ ಬಣ್ಣ, ತೆಂಗಿನೆಣ್ಣೆ, ಪೌಡರ್ ಕೈಯಿಂದ ಗೋಡೆಗೆ, ಗೋಡೆಯಿಂದ ಚೌಕಟ್ಟಿಗೆ ಹೋಗಲು ಹೊತ್ತು ಬೇಡ. ಚಹಾ, ಅವಲಕ್ಕಿ, ಪುನರ್ಪುಳಿ ಶರಬತ್ತು ಎಲ್ಲ ಅಂಗಳದಲ್ಲಿ. ಪುನರ್ಪುಳಿಯ ಕಲೆ ಬಟ್ಟೆಯಿಂದಲೇ ಹೋಗುವುದಿಲ್ಲ. ಹೂವಿನ ಹಾರವನ್ನೂ ಒಳಗೆ ತರಬೇಡಿ, ಹೂವಿನ ಜೊತೆ ನೀರೂ ಹುಳವೂ ಬರುತ್ತವೆ.

ಗೋಡೆಯಿಂದ ಮೂರಡಿ ಬಿಟ್ಟು ಹಗ್ಗ ಕಟ್ಟಿ. ಕಲಾವಿದರ ಬೆನ್ನಿಗೂ ಅಷ್ಟೇ ಅಂತರ. ಹಾಡುವಾಗ ಕೈ ಹಿಂದೆ ಬೀಸುವವರು ಇರುತ್ತಾರೆ, ಅವರಿಗೆ ಇನ್ನೊಂದಡಿ ಬಿಡಿ. ಬಾಗಿಲಿನ ದಾರಿಯಲ್ಲಿ ಒಬ್ಬರನ್ನೂ ಕೂರಿಸಬೇಡಿ. ನಮ್ಮ ಚಾವಡಿ ಮೂವತ್ತಡಿಗೆ ಇಪ್ಪತ್ತಡಿ. ಇದೆಲ್ಲ ಕಳೆದು ನೆಲದಲ್ಲಿ ಅರವತ್ತು ಜನ ಕೂರುತ್ತಾರೆ. ಅದರ ಮೇಲೆ ಒಬ್ಬರು ಬಂದರೂ ಜಗಲಿಯಲ್ಲಿ ಜಾಗ. ಮಂಡಿ ನೋವಿನವರಿಗೆ ಹಿಂದಿನ ಸಾಲಿನಲ್ಲಿ ಕುರ್ಚಿ ಇಡಿ. ಕುರ್ಚಿಯ ಕಾಲಿಗೆ ರಬ್ಬರ್ ಇರಲಿ.

6. ಮೈಕಿಲ್ಲದೆ ಕೇಳಿ ನೋಡಿ

ಮೈಕ್ ತೆಗೆಯಬೇಕು ಅಂತ ನಾವು ತೀರ್ಮಾನ ಮಾಡಿದಾಗ ನನಗೆ ಅಳುಕಿತ್ತು. ಅರುವತ್ತು ದಾಟಿದ ಭಾಗವತರು. ಹೋಗಿ ಕೇಳಿದೆ.

"ಮಾಷ್ಟ್ರೇ, ಮೈಕ್ ಇಲ್ಲದೆ ಆಗ್ತದಾ?"

"ನಾನು ಕಲಿಯುವಾಗ ಮೈಕ್ ಎಲ್ಲಿತ್ತು? ಆಗ್ತದೆ. ಆದ್ರೆ ಚೆಂಡೆಯವ ನನ್ನ ಕಿವಿ ಹತ್ರ ಕೂರ್ಬಾರ್ದು."

ಚೆಂಡೆಯ ಪ್ರಶ್ನೆಗೆ ಉತ್ತರ ಅವರೇ ಹುಡುಕಿಕೊಟ್ಟರು. ಚೆಂಡೆ ಜಗಲಿಗೆ ಹೋಯಿತು. ನಡುವಿನ ಬಾಗಿಲು ಅರ್ಧ ತೆರೆದಿತ್ತು. ಚೆಂಡೆಯವರಿಗೆ ಭಾಗವತರ ಜಾಗಟೆ ಕಾಣಬೇಕು, ಅಷ್ಟೇ. ಮದ್ದಳೆ ಒಳಗೆ, ಚೆಂಡೆ ಹೊರಗೆ. ಯುದ್ಧದ ಪದ್ಯ ಬಂದಾಗ ದೂರದಿಂದ ಪೆಟ್ಟು ಕೇಳಿ, ಎಲ್ಲೋ ಆಚೆ ಸೇನೆ ಬರುತ್ತಿದೆ ಅನ್ನಿಸಿತು. ಒಳಗೆ ಬೆರಳು ಮದ್ದಳೆಯ ಮೇಲೆ ಸವರುವ ಸದ್ದು, ಭಾಗವತರು ಉಸಿರು ತೆಗೆದುಕೊಳ್ಳುವ ಸದ್ದೂ ಕೇಳಿತು. ಮೈಕಿನ ಆಟಗಳನ್ನೇ ಕೇಳಿ ಬೆಳೆದ ಹುಡುಗರು ಅಂದು ಮದ್ದಳೆಯನ್ನು ಮೊದಲ ಸಲ ಕೇಳಿದ ಹಾಗೆ ಕೂತಿದ್ದರು.

ಕಿವಿ ಮಂದವಾದವರನ್ನು ಮುಂದೆ ಕೂರಿಸಿ. ತೀರಾ ಬೇಕೇ ಬೇಕಾದರೆ ಮಾತಿಗೆ ಮಾತ್ರ ಒಂದು ಸಣ್ಣ ಸ್ಪೀಕರ್, ಜನರ ಕಡೆ ಮುಖ ಮಾಡಿ, ಗೋಡೆಗೆ ಬೆನ್ನು ತಾಗದ ಹಾಗೆ ಇಡಿ. ಗುಡುಗುಡು ಎನ್ನುವ ತಗ್ಗಿನ ಸದ್ದು ಕೊಡುವ ಪೆಟ್ಟಿಗೆಗಳು ಬೇಡ. ಚೌಕಟ್ಟಿನ ಗಾಜು ಅದುರುವುದು ಅದಕ್ಕೇ.

7. ಒಟ್ಟಿಗೆ ಒಂದು ಸಂಜೆ

ಕಾರ್ಯಕ್ರಮಕ್ಕೆ ವಾರ ಮೊದಲು ಕಲಾವಿದರನ್ನು ಕರೆಸಿ. ತಾಲೀಮು ಆಮೇಲೆ. ಮೊದಲು ಚಿತ್ರ ತೋರಿಸಿ. ಚಿತ್ರಗಾರರು ಬಂದರೆ ಬಹಳ ಒಳ್ಳೆಯದು. "ಇದು ಯಾವ ಹೊತ್ತಿನ ಕಡಲು?" ಅಂತ ನಮ್ಮ ಅರ್ಥಧಾರಿ ಕೇಳಿದ್ದರು. "ಮಳೆ ನಿಂತ ಮೇಲೆ, ಬೆಳಿಗ್ಗೆ" ಅಂತ ಉತ್ತರ ಬಂತು. ಆ ಒಂದು ಮಾತು ಅವರ ಅರ್ಥದಲ್ಲಿ ಹೇಗೆ ಬೆಳೆಯಿತು ಅಂತ ಕೇಳಿದವರಿಗೇ ಗೊತ್ತು.

ಸಂಭಾವನೆ, ಹೋಗಿಬರುವ ಖರ್ಚು ಮೊದಲೇ ಮಾತಾಡಿ. ಮೈಕು, ಪೆಂಡಾಲ್, ಬ್ಯಾನರ್ ಇಲ್ಲದ ಕಾರಣ ಉಳಿಯುವ ದುಡ್ಡು ಕಲಾವಿದರಿಗೆ ಹೋಗಲಿ. ಹಿಮ್ಮೇಳದವರಿಗೆ ಕಡಿಮೆ ಮಾಡಬೇಡಿ. ಇಲ್ಲಿ ಕೇಳುವುದೇ ಅವರನ್ನು.

ನಮ್ಮಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಮಾತಾಡುವವರು ಬರುತ್ತಾರೆ. ಒಂದು ಹಾಳೆಯಲ್ಲಿ ಕಥೆಯ ಸಾರ, ಚಿತ್ರದ ಹೆಸರು ಕನ್ನಡ, ಮಲಯಾಳ ಎರಡರಲ್ಲೂ ಹಾಕಿ. ಅರ್ಥಗಾರಿಕೆಯ ಕನ್ನಡ ಪೂರ್ತಿ ಗೊತ್ತಿಲ್ಲದ ನೆರೆಯವರು ಆ ಹಾಳೆ ಹಿಡಿದು ಕಡೆಯವರೆಗೆ ಕೂತದ್ದನ್ನು ನೋಡಿದ್ದೇನೆ. ಗಡಿಯ ಈಚೆಗೆ ಕನ್ನಡ ಉಳಿಯುವುದು ಹೀಗೆ ಕೂತು ಕೇಳುವವರಿಂದಲೂ ಹೌದು.

ಸ್ವಾಗತ ಭಾಷಣ ಬೇಡ. ಶಾಲು, ಹಾರ, ಸ್ಮರಣಿಕೆ ಅಂಗಳದಲ್ಲಿ, ಕೂಟ ಮುಗಿದ ಮೇಲೆ. ಜನ ಬಂದ ಮೇಲೆ ಹತ್ತು ನಿಮಿಷ ಬರೀ ಚಿತ್ರ ನೋಡಲು ಬಿಡಿ. ಆಮೇಲೆ ಶ್ರುತಿ ಹಿಡಿಯಲಿ. ಆ ಸದ್ದು ಕೇಳಿದ ಕೂಡಲೇ ಜನ ತಾವಾಗಿಯೇ ಬಂದು ಕೂರುತ್ತಾರೆ, ಕರೆಯಬೇಕಾಗಿಲ್ಲ. ಮುಗಿದ ಮೇಲೆ ಇನ್ನೊಂದು ಅರ್ಧ ಗಂಟೆ ಚಿತ್ರಶಾಲೆ ತೆರೆದಿರಲಿ. ಕಾರ್ಯಕ್ರಮದ ಎರಡನೇ ಭಾಗ ಆಗಲೇ ನಡೆಯುವುದು.

8. ಮರುದಿನ ಬೆಳಿಗ್ಗೆ

ರಾತ್ರಿಯೇ ಬಾಗಿಲು ಹಾಕಿ ಮರೆತುಬಿಡಬೇಡಿ. ಬೆಳಗಿನ ಬೆಳಕಿನಲ್ಲಿ ಪುಸ್ತಕ, ಪೆನ್ಸಿಲ್ ಹಿಡಿದು ಒಂದೊಂದೇ ಚಿತ್ರದ ಎದುರು ನಿಲ್ಲಿ. ಪೆನ್ ಬೇಡ, ಶಾಯಿ ಚಿತ್ರದ ಹತ್ತಿರ ಒಳ್ಳೆಯದಲ್ಲ. ಚೌಕಟ್ಟು ನೇರ ಉಂಟಾ, ಕೊಕ್ಕೆ ಸರಿ ಉಂಟಾ, ಕೆಳಗೆ ನೆಲದಲ್ಲಿ ಬಣ್ಣದ ಚಕ್ಕೆ ಬಿದ್ದಿದೆಯಾ, ಗಾಜಿನ ಒಳಗೆ ಮಂಜು ಕೂತಿದೆಯಾ ನೋಡಿ ಬರೆಯಿರಿ. ಹಿಂದಿನ ದಿನ ಕಾರ್ಯಕ್ರಮಕ್ಕೆ ಮೊದಲು ತೆಗೆದ ಫೋಟೋಗಳ ಜೊತೆ ಹೋಲಿಸಿ. ನೆಲ ಗುಡಿಸುವುದು ಇದರ ಆಮೇಲೆ, ಮೊದಲಲ್ಲ.

ಸೇತುಬಂಧನದ ಮರುದಿನ ಎಲ್ಲ ಸರಿಯಾಗಿತ್ತು. ಕಡಲಿನ ಚಿತ್ರದ ಗಾಜಿನ ಮೇಲೆ ಮಾತ್ರ ಒಂದು ಬೆರಳಿನ ಗುರುತು ಇತ್ತು. ನೀರು ಆಕಾಶ ಸೇರುವ ಗೆರೆಯ ಮೇಲೆಯೇ, ಸಣ್ಣದು, ಮಗುವಿನ ಬೆರಳಿರಬೇಕು. ಒಣ ಹತ್ತಿಬಟ್ಟೆಯಿಂದ ಮೆತ್ತಗೆ ಒರೆಸಿದೆ. ನೀರು ಚಿಮುಕಿಸಬಾರದು, ಚೌಕಟ್ಟಿನ ಸಂದಿಯಿಂದ ಒಳಗೆ ಇಳಿಯುತ್ತದೆ. ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದೆ: ಹಗ್ಗ ಅರ್ಧ ಅಡಿ ಮುಂದಕ್ಕೆ.